ಏಳು ಬಾಗಿಲಿನ ಕೋಟೆ ಮತ್ತು ಗಂಗವ್ವನ ಖಾನಾವಳಿ

ಕಥೆ ಹೇಳಿ ಹಣ ಗಳಿಸಬಹುದು ಎಂಬ ವಿಷಯದಲ್ಲಿ ನನಗೆ ಯಾವ ಸಂಶಯವೂ ಇರಲಿಲ್ಲ. ಸಂಶಯವಿದ್ದದ್ದು ನಮ್ಮ ಮನೆಯವರಿಗೆ.

"ಏನ್ ಆಟ ಅದು?" ಎಂದು ಅವರು ಪೇಪರಿನಿಂದ ತಲೆ ಎತ್ತದೆ ಕೇಳಿದರು.

"ನಾ ಕಥಿ ಹೇಳ್ತೀನ್ರಿ. ಆಡೋರು ಒಬ್ಬೊಬ್ಬರು ಒಂದೊಂದು ಪಾತ್ರ ಆಗ್ತಾರ. ಬಾಗಿಲ ಒಡೀತೀನಿ, ಹಾವು ಹೊಡೀತೀನಿ ಅಂತಾರ. ಆಮ್ಯಾಲ ಇಪ್ಪತ್ತು ಮುಖದ ದಾಳ ಹಾಕೋದು. ದೊಡ್ಡ ಸಂಖ್ಯಾ ಬಿದ್ರ ಕೆಲಸ ಆಗ್ತದ, ಸಣ್ಣದು ಬಿದ್ರ ಕೆಡ್ತದ. ಎಲ್ಲಾ ಫೋನಿನಾಗ, ಮುಖ ಕಾಣಂಗಿಲ್ಲ, ಬರೀ ಧ್ವನಿ."

"ಇದಕ್ಕ ರೊಕ್ಕ ಕೊಡೋರು ಯಾರು?"

"ಮೂರು ಮಂದಿ ಕೊಟ್ಟಾರ."

ಅವರು ಪೇಪರ್ ಮಡಚಿಟ್ಟರು. ಮದುವೆಯಾದ ಹದಿನಾಲ್ಕು ವರ್ಷಗಳಲ್ಲಿ ನನ್ನ ಮಾತಿಗೆ ಅವರು ಪೇಪರ್ ಮಡಚಿದ್ದು ಅದೇ ಮೊದಲು.

ನಾನು ರಾಯಚೂರಿನಲ್ಲಿ ಮನೆಯಲ್ಲೇ ಟ್ಯೂಷನ್ ಹೇಳುವವಳು. ದೂರದ ಊರಿನವರ ಜೊತೆ ಎರಡು ವರ್ಷ ಈ ಆಟವನ್ನು ಪುಕ್ಕಟೆ ಆಡಿದ್ದೆ. ಅವರೆಲ್ಲ ಇಂಗ್ಲಿಷಿನಲ್ಲಿ ಆಡಿಸುತ್ತಿದ್ದರು. ಕನ್ನಡದಲ್ಲಿ ಆಡಿಸಿದರೆ ನನಗೆ ಎದುರಾಳಿಯೇ ಇಲ್ಲ ಎಂದು ಲೆಕ್ಕ ಹಾಕಿ, ಗೊತ್ತಿದ್ದ ಗ್ರೂಪುಗಳಿಗೆಲ್ಲ ಸಂದೇಶ ಕಳಿಸಿದೆ: ಭಾನುವಾರ ಮಧ್ಯಾಹ್ನ ಮೂರು ತಾಸು, ಒಬ್ಬರಿಗೆ ಇನ್ನೂರು ರೂಪಾಯಿ, ನುರಿತ ಕಥೆಗಾರ್ತಿಯಿಂದ. ನುರಿತ ಎಂಬ ಪದವನ್ನು ಎರಡು ಸಲ ಅಳಿಸಿ ಮತ್ತೆ ಬರೆದೆ, ನಿಜ.

ಬಂದವರು ಮೂವರು. ಮಾನ್ವಿಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಇಮ್ರಾನ್ ಭಾಯಿ, ದೇವದುರ್ಗದ ನರ್ಸ್ ಸುನಂದಾ, ನಮ್ಮ ಊರಿನವನೇ ಆದ ಸರ್ವೇಯರ್ ವೆಂಕಟೇಶ. ಆಟದಲ್ಲಿ ಇಮ್ರಾನ್ ಭಾಯಿ ಕತ್ತಿವೀರ, ಸುನಂದಾ ಮಂತ್ರಗಾತಿ, ವೆಂಕಟೇಶ ಕಳ್ಳ.

ಒಂದು ತಿಂಗಳು ಕೂತು ತಯಾರಿ ಮಾಡಿದೆ. ಏಳು ಬಾಗಿಲಿನ ಕೋಟೆ. ಪ್ರತಿ ಬಾಗಿಲಿಗೂ ಒಂದು ಒಗಟು. ಏಳನೆಯ ಬಾಗಿಲ ಹಿಂದೆ ಹಾವಿನ ರಾಜ. ಆ ರಾಜನ ನಗೆಯನ್ನು ಬಚ್ಚಲಮನೆಯಲ್ಲಿ ಎಷ್ಟು ಅಭ್ಯಾಸ ಮಾಡಿದೆನೆಂದರೆ, ಪಕ್ಕದ ಮನೆಯವರು ಕೆಮ್ಮಿಗೆ ಕಷಾಯ ಕಳಿಸಿಕೊಟ್ಟರು.

ಮೊದಲ ಭಾನುವಾರ ಗಂಭೀರವಾಗಿ ಶುರು ಮಾಡಿದೆ. "ಕೋಟೆಗೆ ಹೋಗುವ ದಾರಿಯಲ್ಲಿ, ಹೊಳೆ ದಂಡೆಗೆ ಒಂದು ಖಾನಾವಳಿ. ಒಬ್ಬ ಮುದುಕಿ ರೊಟ್ಟಿ ಬಡಿಯುತ್ತಿದ್ದಾಳೆ." ಒಂದು ನಿಮಿಷದ ಕೆಲಸ. ಉಂಡು ಎದ್ದು ಮುಂದೆ ಹೋಗಲಿ ಎಂದು ಇಟ್ಟಿದ್ದೆ.

"ಮುದುಕಿ ಹೆಸರೇನ್ರಿ ಮೇಡಂ?" ಎಂದರು ಇಮ್ರಾನ್ ಭಾಯಿ.

ನನ್ನ ನೋಟ್‌ಬುಕ್ಕಿನಲ್ಲಿ ಹಾವಿನ ರಾಜನ ತಾತನಿಗೂ ಹೆಸರಿತ್ತು. ಮುದುಕಿಗೆ ಇರಲಿಲ್ಲ. "ಗಂಗವ್ವ" ಎಂದುಬಿಟ್ಟೆ. ಹೆಸರಾದ ಮೇಲೆ ಧ್ವನಿ ಬೇಕಲ್ಲ? ನನ್ನ ಬಾಯಿ ನನ್ನನ್ನು ಕೇಳದೆ ನಮ್ಮ ಮನೆಯವರ ಅಕ್ಕ ತುಂಗಮ್ಮನವರ ಧ್ವನಿಯನ್ನು ತಂದುಕೊಂಡಿತು.

ತುಂಗಮ್ಮನವರು ಇರುವುದು ಚೀಕಲಪರ್ವಿಯಲ್ಲಿ. ಮೊಣಕಾಲು ತೋರಿಸಿಕೊಳ್ಳಲು ಆಗಾಗ ರಾಯಚೂರಿಗೆ ಬಂದು ನಮ್ಮಲ್ಲಿ ನಾಲ್ಕು ದಿನ ಇರುತ್ತಾರೆ. ಯಾವ ಮಾತಿಗೂ ಮೊದಲು "ಅದಿರ್ಲಿ" ಎನ್ನುತ್ತಾರೆ. ಕಂಡವರ ಪಗಾರ ಕೇಳುತ್ತಾರೆ. ತುಪ್ಪವನ್ನು ಚಮಚದ ತುದಿಯಿಂದ ತೋರಿಸಿ ಹಾಕುತ್ತಾರೆ. ನಾನು ರೊಟ್ಟಿ ಬಡಿಯುವಾಗ ಬುಟ್ಟಿಯಲ್ಲಿ ಎಷ್ಟಾದವು ಎಂದು ಎಣಿಸುತ್ತಾರೆ. ನಾನು ಬದಲಿಸಿದ್ದು ಅವರ ಹೆಸರೊಂದನ್ನೇ.

"ಅದಿರ್ಲಿ, ನಿನಗ ಪಗಾರ ಎಷ್ಟಪ್ಪ?" ಎಂದಳು ಗಂಗವ್ವ ಕತ್ತಿವೀರನಿಗೆ.

"ವೀರರಿಗೆ ಪಗಾರ ಇರಂಗಿಲ್ಲ ಯವ್ವಾ."

"ಹಂಗಾದ್ರ ಮೊದಲ ರೊಕ್ಕ ಇಡು, ಆಮ್ಯಾಲ ರೊಟ್ಟಿ."

ನನ್ನ ಕೋಟೆ ಅಲ್ಲಿಗೆ ಮುಗಿಯಿತು. ಇಮ್ರಾನ್ ಭಾಯಿ ಚೌಕಾಶಿಗೆ ಇಳಿದರು. ದಾಳ ಹಾಕಿದರು, ಇಪ್ಪತ್ತಕ್ಕೆ ಇಪ್ಪತ್ತು ಬಿತ್ತು. ಸುನಂದಾ ಮಂತ್ರ ಹಾಕಿ ಮುದುಕಿಯ ಮೊಣಕಾಲು ನೋಡಿದಳು. ವೆಂಕಟೇಶ ಕಳ್ಳತನ ಬಿಟ್ಟು ಖಾನಾವಳಿಯ ಅಂಗಳ ಅಳೆದು, ಬಾಜೂದವರು ಎರಡು ಮೊಳ ಒತ್ತಿ ಬಂದಿದ್ದಾರೆ ಎಂದು ವರದಿ ಕೊಟ್ಟ.

"ದೂರದಲ್ಲಿ ಕೋಟೆ ಕಾಣುತ್ತಿದೆ" ಎಂದೆ.

"ಕಾಣ್ಲಿ ಬಿಡ್ರಿ, ಎಲ್ಲಿ ಹೋಗ್ತದ" ಎಂದಳು ಸುನಂದಾ.

ಮೂರು ತಾಸು ಮುಗಿದಾಗ ಯಾರೂ ತಾಟಿನ ಮುಂದಿನಿಂದ ಎದ್ದಿರಲಿಲ್ಲ.

ಮುಂದಿನ ವಾರದ ಹಣದ ಜೊತೆ ಮೂವರಿಂದಲೂ ಒಂದೇ ಪ್ರಶ್ನೆ ಬಂತು: ಗಂಗವ್ವ ಇರ್ತಾಳಲ್ರಿ? ಇದ್ದಳು. ಅದರ ಮುಂದಿನ ವಾರವೂ ಇದ್ದಳು. ಹದಿನಾಲ್ಕು ವರ್ಷ ತುಂಗಮ್ಮನವರ ಮುಂದೆ ಆಡಲಾಗದ ಮಾತುಗಳನ್ನೆಲ್ಲ ನಾನು ಅವರದೇ ಧ್ವನಿಯಲ್ಲಿ ಆಡಿದೆ. ತುಪ್ಪ ಬಂತು, ರೊಟ್ಟಿ ಬುಟ್ಟಿ ಬಂತು. ಮೂವರು ಹಣ ಕೊಟ್ಟು ಬಿದ್ದು ಬಿದ್ದು ನಕ್ಕರು. ಸುಳ್ಳು ಯಾಕೆ ಹೇಳಲಿ, ನನಗೆ ಬಹಳ ಹಿತವಾಗಿತ್ತು.

ಆದರೆ ಕಲಾವಿದೆಗೂ ಒಂದು ಮರ್ಯಾದೆ ಇರುತ್ತದಲ್ಲ. ಏಳನೆಯ ಬಾಗಿಲ ಹಿಂದೆ ಹಾವಿನ ರಾಜ ಕಾದು ಕಾದು ಮುದುಕನಾಗುತ್ತಿದ್ದ. ಐದನೆಯ ಭಾನುವಾರ ನಿರ್ಧಾರ ಮಾಡಿದೆ: ಹಾವಿನ ರಾಜ ಬಂದು ಖಾನಾವಳಿಗೆ ಬೆಂಕಿ ಇಡಲಿ, ಸೇಡು ತೀರಿಸಿಕೊಳ್ಳಲಾದರೂ ಇವರು ಕೋಟೆಗೆ ಹೋಗಲಿ. ಕೊನೆಯ ಸಲವೆಂದು ಅಂದು ತುಪ್ಪ, ಬುಟ್ಟಿ ಎಲ್ಲವನ್ನೂ ಧಾರಾಳವಾಗಿ ಆಡಿ ತೋರಿಸಿದೆ. ಆಮೇಲೆ ಬೆಂಕಿ ಇಟ್ಟೆ.

"ನಾ ಒಳಗ ಹೋಗಿ ಆಕಿನ್ನ ಎತ್ತಿಕೊಂಡು ಬರ್ತೀನಿ" ಎಂದು ಸುನಂದಾ ದಾಳ ಹಾಕಿದಳು. ಒಂದು ಬಿತ್ತು. ಅದಕ್ಕಿಂತ ಕೆಟ್ಟ ಸಂಖ್ಯೆ ಆ ದಾಳದಲ್ಲಿಲ್ಲ.

"ಉರಿಯುವ ತೊಲೆ ಕಳಚಿ ಬಿತ್ತು. ಗಂಗವ್ವ ತೀರಿಕೊಂಡಳು" ಎಂದೆ ಭಾರವಾದ ಧ್ವನಿಯಲ್ಲಿ.

ಸುನಂದಾ ಹೇಳಿದಳು, "ದವಾಖಾನ್ಯಾಗ ದಿನಾ ಇದನ್ನ ನೋಡ್ತೀನ್ರಿ. ಐತವಾರ ರೊಕ್ಕ ಕೊಟ್ಟು ನೋಡಬೇಕೇನ್ರಿ?"

"ಹಾವಿನ ರಾಜನ್ನ ನಾವ್ಯಾರೂ ಕೇಳಿದ್ದಿಲ್ಲ ಮೇಡಂ" ಎಂದರು ಇಮ್ರಾನ್ ಭಾಯಿ.

ಅಷ್ಟರಲ್ಲಿ ನನ್ನ ಬೆನ್ನ ಹಿಂದಿನಿಂದ ಮಾತು ಬಂತು. "ಅದಿರ್ಲಿ, ನನ್ನ ಯಾಕ ಸಾಯಿಸಿದಿ?"

ತಿರುಗಿದೆ. ಬಾಗಿಲಲ್ಲಿ ತುಂಗಮ್ಮನವರು, ಕೈಯಲ್ಲಿ ಚೀಲ. ಮಧ್ಯಾಹ್ನದ ಬಸ್ಸಿಗೆ ಬಂದು, ಒಳಗೆ ಏನೋ ಪಾಠ ನಡೆದಿದೆ ಎಂದು ಪಡಸಾಲೆಯಲ್ಲಿ ಒಂದು ತಾಸಿನಿಂದ ಸುಮ್ಮನೆ ಕೂತಿದ್ದರಂತೆ.

"ಗಂಗವ್ವ ಬದುಕ್ಯಾಳ!" ಎಂದು ಫೋನಿನಲ್ಲಿ ಇಮ್ರಾನ್ ಭಾಯಿ ಕೂಗಿದರು.

ತುಂಗಮ್ಮನವರು ಫೋನಿನ ಕಡೆ ನೋಡಲಿಲ್ಲ. "ತುಪ್ಪ ತುದೀಲೆ ಹಾಕ್ತಾಳ ಅಂದಿ. ಹಾಕ್ತೀನಿ. ನನ್ನ ತಮ್ಮಗ ಡಾಕ್ಟರು ತುಪ್ಪ ಬ್ಯಾಡ ಅಂದಾರ. ರೊಟ್ಟಿ ಎಣಸ್ತಾಳ ಅಂದಿ. ಎಣಸ್ತೀನಿ. ಎಲ್ಲಾರೂ ಉಂಡ ಮ್ಯಾಲ ನಿನಗ ಎಷ್ಟು ಉಳೀತಾವು ಅಂತ ನೋಡ್ತೀನಿ ಶೈಲಾ. ಎರಡಕ್ಕಿಂತ ಕಮ್ಮಿ ಆಗಂಗಿದ್ರ ನನಗ ಹಸಿವಿಲ್ಲ ಅಂತ ಎದ್ದುಬಿಡ್ತೀನಿ."

ಅವರು ಹಾಗೆ ಎದ್ದು ಹೋದ ದಿನಗಳು ನೆನಪಾದವು. ನನ್ನ ಅಡುಗೆ ಸೇರಲಿಲ್ಲವೆಂದು ನಾನು ಪ್ರತಿ ಸಲ ಮುಖ ಊದಿಸಿಕೊಂಡಿದ್ದೆ. ಏನಾದರೂ ಹೇಳಬೇಕಿತ್ತು. ಬಾಯಿಂದ ಬಂದದ್ದು ಇಷ್ಟೇ: "ಅಕ್ಕಾರ, ಚಾ ಮಾಡ್ಲ್ಯಾ?"

ಫೋನಿನಲ್ಲಿ ಸುನಂದಾ ಮೂಗು ಸೀಟಿದ ಸದ್ದು ಕೇಳಿತು. ತುಂಗಮ್ಮನವರು ಈಗ ಫೋನಿನ ಕಡೆ ನೋಡಿದರು.

"ಯಾರು ನೀವು?"

"ನಿಮ್ಮ ಖಾನಾವಳ್ಯಾಗ ಉಂಡೋರು ಯವ್ವಾ" ಎಂದರು ಇಮ್ರಾನ್ ಭಾಯಿ.

ಮುಂದಿನ ಅರ್ಧ ತಾಸು ತುಂಗಮ್ಮನವರದು. ಕುರ್ಚಿ ಎಳೆದುಕೊಂಡು ಕೂತು ಅಂಗಡಿಯ ವ್ಯಾಪಾರ ಕೇಳಿದರು, ಸರ್ವೇಯರನ ಮದುವೆ ವಿಚಾರಿಸಿದರು, ಸುನಂದಾಳಿಗೆ ಬೈದರು. "ಮುದುಕಿ ಸಲುವಾಗಿ ಬೆಂಕ್ಯಾಗ ಹೋಗ್ತಾರೇನು ಹುಚ್ಚಿ?" ಕೊನೆಗೆ ತಾವೇ ಫೋನ್ ಆರಿಸಿ ನನ್ನ ಕೈಗಿಟ್ಟರು. ನಾನು "ತಪ್ಪಾತ್ರಿ ಅಕ್ಕಾರ" ಎಂದೆ. "ಆತೇಳು, ಚಾ ಎಲ್ಲದ?" ಎಂದರು. ಅಂದು ನಾಲ್ಕು ರೊಟ್ಟಿ ಹೆಚ್ಚು ಬಡಿದೆ. ಇಬ್ಬರೂ ಕೂತು ಉಂಡೆವು.

ಮರುದಿನ ಇಮ್ರಾನ್ ಭಾಯಿಯ ಸಂದೇಶ ಬಂತು. ನಮ್ಮ ಮನೆಯವರು ಅದನ್ನು ಗಟ್ಟಿಯಾಗಿ ಓದಿದರು. "ಮೇಡಂ, ಐದು ವಾರದಾಗ ನಿನ್ನಿ ಆಟ ಭಾರಿ ಇತ್ತು. ಸತ್ತ ಮುದುಕಿ ಎದ್ದು ಬಂದದ್ದು, ಆ ರೊಟ್ಟಿ ಮಾತು, ಎಲ್ಲಾ ಖರೇನ ಅನಸ್ತು. ಒಂದ ಒಂದು ಸಣ್ಣ ತಪ್ಪು. ನಡುವ ಒಬ್ಬಾಕಿ 'ಚಾ ಮಾಡ್ಲ್ಯಾ' ಅಂದಳಲ್ರಿ, ಆಕಿ ಧ್ವನಿ ಮಾತ್ರ ನಾಟಕ ಅನಸ್ತು."

ಅವರು ಫೋನ್ ಕೆಳಗಿಟ್ಟು ಕೇಳಿದರು. "ಯಾರು ಆಕಿ?"

"ನಾನ" ಎಂದೆ.