ಬೀಗರ ಮಾತಿಗೆ ಆಧಾರ

ದೇವರ ಇರವಿಗೆ ಆಧಾರ ಕೇಳಿದ ನಾಸ್ತಿಕನಿಗೂ ಒಂದು ಗತಿಯುಂಟು; ಬೀಗರ ಮಾತಿಗೆ ಆಧಾರ ಕೇಳಿದವನಿಗೆ ಮೂರು ಲೋಕಗಳಲ್ಲೂ ಗತಿಯಿಲ್ಲ. ಪ್ರತ್ಯಕ್ಷ, ಅನುಮಾನ, ಆಗಮಗಳೆಂಬ ಪ್ರಮಾಣಗಳನ್ನು ಆಯುಷ್ಯವೆಲ್ಲ ಪಾಠ ಹೇಳಿದ ನನಗೆ ಈ ಸತ್ಯ ಹೊಳೆದದ್ದು ಇತ್ತೀಚೆಗೆ, ವೆಸ್ಟ್ ಮಾಂಬಲಂನ ನಮ್ಮ ಫ್ಲ್ಯಾಟಿನಲ್ಲಿ.

ಯಾರು ಬೇಕಾದರೂ ಬರೆದು ತಿದ್ದಬಹುದಾದ ಅಂತರ್ಜಾಲದ ವಿಶ್ವಕೋಶವೊಂದಕ್ಕೆ ನಾನು ಸಂಬಳವಿಲ್ಲದ ಸಂಪಾದಕ. ಬೆಳಗಿನ ಜಪ ಮುಗಿಸಿ ಪರರ ಲೇಖನಗಳಲ್ಲಿ ತಪ್ಪು ಹುಡುಕುವುದು ನನ್ನ ಎರಡನೆಯ ಅನುಷ್ಠಾನ; ನಿಜ ಹೇಳಬೇಕೆಂದರೆ, ಮನಸ್ಸು ಏಕಾಗ್ರವಾಗುವುದು ಎರಡನೆಯದರಲ್ಲಿಯೇ. ಮಗಳ ಮಾವ ರಾಮಚಂದ್ರ ರಾಯರು ಹೋಟೆಲನ್ನು ತಮ್ಮನಿಗೆ ವಹಿಸಿದವರೇ, ತಾಂಬರಂನಿಂದ ಎಲೆಕ್ಟ್ರಿಕ್ ಟ್ರೈನ್ ಹಿಡಿದು ಬಂದು, ತಮಗೂ ಈ ವಿದ್ಯೆ ಕಲಿಸಬೇಕೆಂದು ಕುಳಿತರು. ಅವರ ಮೊದಲ ಲೇಖನದ ಮೊದಲ ವಾಕ್ಯ: ಇಡ್ಲಿಯನ್ನು ಸಾಂಬಾರಿನಲ್ಲಿ ಮುಳುಗಿಸಿ ಬಡಿಸುವ ಪದ್ಧತಿ ಲೋಕದಲ್ಲಿ ಪ್ರಥಮವಾಗಿ ಆರಂಭವಾದದ್ದು ಗಿಂಡಿಯಲ್ಲಿದ್ದ ಅವರ ದೊಡ್ಡಪ್ಪನ ಹೋಟೆಲಿನಲ್ಲಿ.

"ಆಧಾರ?" ಎಂದೆ.

"ಎಂತ ಆಧಾರ ಮಾರಾಯ್ರೆ? ದೊಡ್ಡಪ್ಪನೇ ಹೇಳಿದ್ದು. ಏಕಾದಶಿಗೆ ನೀರೂ ಕುಡಿಯದವರು ಇಡ್ಲಿಗೋಸ್ಕರ ಸುಳ್ಳು ಹೇಳ್ತಾರಾ?"

ಸಂಬಂಧಿಕರ ಮಾತು ಸಲ್ಲದು, ಅಚ್ಚಾಗಿರಬೇಕು, ಬರೆದವರು ಮೂರನೆಯವರಾಗಿರಬೇಕು, ಇಲ್ಲವಾದರೆ ಲೇಖನವನ್ನೇ ಅಳಿಸಿಬಿಡುತ್ತಾರೆ ಎಂದು ಉಪದೇಶಿಸಿದೆ. ರಾಯರು ಕಾಫಿ ಮುಟ್ಟದೆ ಎದ್ದು ಹೋದರು. ಸಂಜೆ ಮಗಳ ಫೋನು: "ಅಪ್ಪಾ, ಮಾವ ಬಂದಾಗಿನಿಂದ ಮಾತೇ ಆಡ್ತಿಲ್ಲ. ಪ್ರೂಫ್ ಕೇಳಿದ್ರಂತೆ? ಅಯ್ಯೋ ಕಡವುಳೇ, ನಾನು ಈ ಮನೇಲಿ ಬಾಳ್ಬೇಕಪ್ಪಾ!"

ಮುಂದಿನ ವಾರ ರಾಯರು ದಿಗ್ವಿಜಯ ಮುಗಿಸಿದವರಂತೆ ಬಂದು, ಹಳದಿಗಟ್ಟಿದ ಪುಸ್ತಕವೊಂದನ್ನು ನನ್ನ ಮುಂದಿಟ್ಟರು. ದೊಡ್ಡಪ್ಪನ ಹೋಟೆಲಿನ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆ. "ತಕೊಳ್ಳಿ, ಅಚ್ಚಾದದ್ದು. ಬರೆದವರಿಗೂ ನಮಗೂ ಆಗ ಸಂಬಂಧವೇ ಇರ್ಲಿಲ್ಲ."

ಓದಿದೆ. 'ಪ್ರಾಚೀನ ದಾಖಲೆಗಳಿಂದ ನಿರ್ವಿವಾದವಾಗಿ ಸಿದ್ಧವಾಗುವಂತೆ' ಇಡ್ಲಿಯ ಪ್ರಥಮ ಮಜ್ಜನ ಅಲ್ಲಿಯೇ ನಡೆದಿತ್ತು. ಕೆಳಗೆ 'ವಿದ್ವಾನ್' ಎಂಬ ಬಿರುದಿನೊಡನೆ ನನ್ನದೇ ಹೆಸರು! ಆ ದಿನ ನೆನಪಾಯಿತು. ಲೇಖನ ಬೇಡಲು ಕರೆದವರು ಮೊದಲು ಬಡಿಸಿದ್ದರು. ಪ್ರಾಚೀನ ದಾಖಲೆಗಳೆಂದರೆ ನನ್ನೆದುರಿಗಿದ್ದ ಎರಡು ಪ್ಲೇಟ್ ಸಾಂಬಾರ್ ಇಡ್ಲಿ. ಅವನ್ನೂ ಆಗಲೇ ನಾಶಪಡಿಸಿದ್ದೆ.

ಸುಮ್ಮನಿದ್ದರೆ ಲೇಖನ ಉಳಿಯುತ್ತಿತ್ತು, ಮಗಳ ಮನೆಯಲ್ಲಿ ಮಾತು ಮರಳುತ್ತಿತ್ತು. ಆದರೆ ಜಪ ಮಾಡಿದ ನಾಲಿಗೆ ಇನ್ನೂ ಒದ್ದೆಯಾಗಿತ್ತು. "ರಾಯರೇ, ಇದು ನಾನೇ ಹೊಸೆದದ್ದು. ನನ್ನನ್ನು ನಂಬಬೇಡಿ."

ರಾಯರು ಸಂಚಿಕೆಯನ್ನು ಮಡಚಿಟ್ಟರು. ಆಮೇಲೆ ಅವರ ಮೀಸೆ ಅಲುಗಿತು. "ನೀವು ನಂಬಿಕೆಗೆ ಯೋಗ್ಯರಲ್ಲ ಅಂತ ನೀವೇ ಹೇಳಿದ್ರೆ ಆಗ್ತದಾ ಆಚಾರ್ರೆ? ಮೂರನೆಯವರು ಹೇಳ್ಬೇಕಲ್ಲ!"

"ನಾನು ಹೇಳ್ತೀನಿ, ಬರ್ಕೊಳ್ಳಿ ರಾಯರೇ," ಕಾಫಿ ತಂದ ನನ್ನ ಹೆಂಡತಿ ಎಂದಳು. "ನಲವತ್ತೈದು ವರ್ಷ ಕಣ್ಣಾರೆ ನೋಡಿದ್ದೀನಿ."

ಅಂದು ರಾಯರು ಎರಡು ಲೋಟ ಕಾಫಿ ಕುಡಿದು, ಇಡ್ಲಿಯ ಆ ಮೊದಲ ವಾಕ್ಯವನ್ನು ತಮ್ಮ ಕೈಯಿಂದಲೇ ಅಳಿಸಿ, ನಗುತ್ತ ತಾಂಬರಂಗೆ ಹೊರಟರು. ಹೆಂಡತಿಯ ಮಾತು ಎಲ್ಲಿಯೂ ಅಚ್ಚಾಗಿಲ್ಲವೆಂಬ ಸಮಾಧಾನವೊಂದು ನನಗೆ ಉಳಿದಿತ್ತು. ಈ ಪ್ರಬಂಧದಿಂದ ಅದೂ ಹೋಯಿತು.