ಅಂಚಿನಲ್ಲಿ ನಿಂತ ಚಂದವ್ವ

ಸೌಜನ್ಯ ದೊಡ್ಡ ಲೆನ್ಸನ್ನು ಮಡಿಲಲ್ಲಿಟ್ಟುಕೊಂಡು ಮೆತ್ತನೆಯ ಬಟ್ಟೆಯಿಂದ ಒರೆಸುತ್ತಿದ್ದಳು. ಮೊದಲು ಹಗುರಾಗಿ ಊದುವುದು, ಆಮೇಲೆ ನಡುವಿನಿಂದ ಅಂಚಿಗೆ ಸುತ್ತುಸುತ್ತಾಗಿ ಬಟ್ಟೆ ಆಡಿಸುವುದು. ಠಾಣೆಯ ನೌಪಾಡಾದ ಆ ಸ್ಟುಡಿಯೊದಲ್ಲಿ ಬೆಳಗ್ಗೆ ಒಂಬತ್ತರವರೆಗೆ ಯಾರೂ ಮಾತಾಡುತ್ತಿರಲಿಲ್ಲ. ಮಾಲೀಕ ವಸಂತಕುಮಾರರು ಬಲಭುಜಕ್ಕೆ ಕಟ್ಟಿದ ಪಟ್ಟಿಯನ್ನು ಎಡಗೈಯಿಂದ ಸವರುತ್ತ ಕೂತಿದ್ದರು. ಆ ಭುಜವನ್ನು ಕೆಡಿಸಿದ್ದು ಅದೇ ಲೆನ್ಸು. ರುಬ್ಬುಕಲ್ಲಿನ ಗುಂಡನ್ನು ಕುತ್ತಿಗೆಗೆ ಕಟ್ಟಿಕೊಂಡು ಹದಿನೆಂಟು ವರ್ಷ ಮದುವೆಮನೆ ತಿರುಗಿದರೆ ಯಾರ ಭುಜ ತಾನೆ ಉಳಿದೀತು?

ಆ ದಿನ ಒಂಬತ್ತಕ್ಕೆ ಮೊದಲೇ ಅವರು ಹೇಳಿದರು, “ಇವತ್ತು ನೆರೂಳಕ್ಕೆ ನೀನೇ ಹೋಗ್ಬೇಕು.”

ಸೌಜನ್ಯಳ ಕೈ ನಿಂತಿತು. ಮೂರು ವರ್ಷದಲ್ಲಿ ಅವಳು ತೆಗೆದದ್ದೆಲ್ಲ ಕೌಂಟರಿನ ಹಿಂದಿನ ಪಾಸ್‌ಪೋರ್ಟ್ ಫೋಟೊ. ಅಲ್ಲಿ ಒಂದು ಸಲಕ್ಕೆ ಒಬ್ಬರೇ ಬರುತ್ತಾರೆ, ಅವರಿಗೂ ನಗಲು ಅಪ್ಪಣೆಯಿಲ್ಲ. ನಾಚಿಕೆಯ ಹುಡುಗಿಗೆ ಹೇಳಿ ಮಾಡಿಸಿದ ಕೆಲಸ.

“ಹರಿಶ್ಚಂದ್ರಣ್ಣನ ಮನೆ. ಅವರ ಹೋಟೆಲಲ್ಲಿ ಇಪ್ಪತ್ತೈದು ವರ್ಷ ರೊಟ್ಟಿ ತಟ್ಟಿದ ಚಂದವ್ವ ಇವತ್ತು ಊರಿಗೆ ಹೋಗ್ತಾಳೆ. ಶಾಲು ಹೊದೆಸಿ ಕಳಿಸ್ತಾರಂತೆ. ಹೋಟೆಲಿನ ಗೋಡೆಗೆ ಒಂದು ಗುಂಪು ಫೋಟೊ ಬೇಕು. ಕಲ್ಯಾಣದಿಂದ ರೈಲು, ಮೂರಕ್ಕೆ ಮನೆ ಬಿಡ್ತಾಳೆ. ಅಷ್ಟರೊಳಗೆ ಫೋಟೊ ಆಗ್ಬೇಕು. ಚೆನ್ನಾಗಿ ಬಂದ್ರೆ ಇನ್ನು ಹೊರಗಿನ ಆರ್ಡರೆಲ್ಲ ನಿನ್ನದು. ಇಲ್ಲದಿದ್ರೆ ಕೌಂಟರ್ ಉಂಟಲ್ಲ.”

ಅವರು ಡ್ರಾಯರಿನಿಂದ ಹೊಸ ಕ್ಯಾಮರಾ ತೆಗೆದರು. ಅದರ ಲೆನ್ಸು ಇಡ್ಲಿಗಿಂತ ಸಣ್ಣದು.

“ಮಿರರ್‌ಲೆಸ್ ಅಂತ. ಒಳಗೆ ಕನ್ನಡಿ ಇಲ್ಲ, ಹಾಗಾಗಿ ಹಗುರ. ಆದ್ರೆ ಕೇಳು. ಗಾತ್ರ ಇಳಿಸಿದ್ರೆ ಗಾಜು ಎಲ್ಲಾದ್ರೂ ಒಂದು ಕಡೆ ಸುಳ್ಳು ಹೇಳ್ಲೇಬೇಕು. ಇದು ಅಂಚಿನಲ್ಲಿ ಹೇಳ್ತದೆ. ಅಲ್ಲಿ ನಿಂತವರು ಸ್ವಲ್ಪ ಮಬ್ಬು, ಸ್ವಲ್ಪ ಅಗಲ. ಸಪೂರದವರನ್ನು ನಯವಾಗಿ ಅಂಚಿಗೆ ಕಳಿಸು. ಯಾಕೆ ಅಂತ ಮಾತ್ರ ಬಾಯಿ ಬಿಡ್ಬೇಡ. ನಡು ತುಂಬಿದ್ರೆ ಸಾಕು, ಅಂಚನ್ನು ಯಾರೂ ನೋಡೋದಿಲ್ಲ.”

ಠಾಣೆಯಿಂದ ಹೊರಟ ಲೋಕಲಿನಲ್ಲಿ ಕ್ಯಾಮರಾ ಅವಳ ಟಿಫಿನ್ ಚೀಲದೊಳಗೆ ಡಬ್ಬಿಯ ಪಕ್ಕ ಸುಮ್ಮನೆ ಕೂತಿತ್ತು. ದೊಡ್ಡ ಲೆನ್ಸಾಗಿದ್ದರೆ ಅದಕ್ಕೊಂದು ಸೀಟು, ತನಗೆ ಹತ್ತು ಬೈಗುಳ. ಸೌಜನ್ಯ ಮನಸ್ಸಿನಲ್ಲೇ ವಸಂತಕುಮಾರರಿಗೆ ಕೈಮುಗಿದಳು. ಅವರ ಕೆಟ್ಟ ಭುಜಕ್ಕೂ ಮುಗಿದಳು, ಆಮೇಲೆ ಛೇ ಎಂದುಕೊಂಡಳು.

ನೆರೂಳದ ಆ ನಾಲ್ಕನೆಯ ಮಹಡಿಯ ಹಾಲಿನಲ್ಲಿ ಒಂದು ಸೋಫಾ, ಒಂದು ಫ್ರಿಜ್ಜು ಮತ್ತು ಇಪ್ಪತ್ತಮೂರು ಜನ ಇದ್ದರು. ಬಾಗಿಲು ತೆಗೆದದ್ದು ಪಕ್ಕದ ಫ್ಲ್ಯಾಟಿನ ಜಯಲತಾ. ಅವರು ಬಾಗಿಲಲ್ಲಿ ನಿಂತರೆ ಹಿಂದಿನ ಮನೆ ಕಾಣುತ್ತಿರಲಿಲ್ಲ.

“ಕ್ಯಾಮರಾ ಎಲ್ಲಿ?”

ಸೌಜನ್ಯ ಚೀಲದಿಂದ ತೆಗೆದು ತೋರಿಸಿದಳು.

“ಇದು ಕ್ಯಾಮರಾವಾ ಮಾರಾಯ್ತಿ, ಕುಂಕುಮದ ಭರಣಿಯಾ?”

“ಕನ್ನಡಿ ಇಲ್ಲದ್ದು ಆಂಟಿ. ಹಾಗಾಗಿ ಸಣ್ಣದು.”

“ಕನ್ನಡಿಯೇ ಇಲ್ದೆ ಮುಖ ಎಲ್ಲಿ ಕಾಣ್ತದೆ?” ಎಂದು ಜಯಲತಾ ಒಳಗಿನವರಿಗೆಲ್ಲ ಕೇಳುವಂತೆ ಹೇಳಿದರು.

ಚಂದವ್ವ ನಡುವಿನ ಕುರ್ಚಿಯಲ್ಲಿ ಹಿಡಿಸೂಡಿಯ ಕಡ್ಡಿಯ ಹಾಗೆ ತೆಳ್ಳಗೆ ಕೂತಿದ್ದಳು. ಹೊದೆಸಿದ ಶಾಲು ಭುಜದ ಮೇಲೆ ನಿಲ್ಲಲು ಜಾಗ ಸಿಗದೆ ಜಾರುತ್ತಿತ್ತು. ಹರಿಶ್ಚಂದ್ರರು ಎರಡು ಮಾತಾಡಿದರು. “ಹೋಟೆಲ್ ತೆರೆದ ಮೊದಲನೇ ತಿಂಗಳೇ ಅಡುಗೆಯವ ಓಡಿಹೋದ. ಅವತ್ತು ಇವಳೊಬ್ಬಳೇ ನೂರು ಜನಕ್ಕೆ ರೊಟ್ಟಿ ತಟ್ಟಿದ್ದಳು. ನಾನು ಬಾಗಿಲು ಹಾಕುವ ಅಂತಿದ್ದೆ. ಇವಳು ಹಾಕ್ಲಿಕ್ಕೆ ಬಿಡ್ಲಿಲ್ಲ.” ಜಾರಿದ ಶಾಲನ್ನು ಮತ್ತೆ ಅವಳ ಭುಜಕ್ಕೇರಿಸಿದರು. ಅವರ ಹೆಂಡತಿ ನಳಿನಾಕ್ಷಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು.

ಊಟವಾಗಿ ಗುಂಪು ನಿಂತಾಗ ಗಂಟೆ ಒಂದೂವರೆ. ಚಂದವ್ವ ನಡುವೆ, ಜಯಲತಾ ಬಲಗಡೆಯ ಕೊನೆಗೆ.

“ಆಂಟಿ, ನೀವು ಸ್ವಲ್ಪ ಒಳಗೆ ಬನ್ನಿ.”

“ಯಾಕೆ? ಇಲ್ಲಿ ಎಂತ ಉಂಟು?”

ನಾಚಿಕೆಯವರಿಗೆ ಇದೇ ಕಷ್ಟ, ಬೇಕಾದ ಹೊತ್ತಿಗೆ ಸುಳ್ಳು ಬಾಯಿಗೆ ಬರುವುದಿಲ್ಲ. “ಅಂಚಿನಲ್ಲಿದ್ದವರು ದಪ್ಪ ಕಾಣ್ತಾರೆ,” ಎಂದುಬಿಟ್ಟಳು ಸೌಜನ್ಯ.

ಮರುಕ್ಷಣ ಸಂಜೆ ಆರರ ಲೋಕಲ್ಲಿಗೆ ಒಂದೇ ಬಾಗಿಲು ತೆರೆದಂತಾಯಿತು. ಎಡದವರು, ಬಲದವರು, ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದವರು, ಎಲ್ಲರೂ ನಡುವಿಗೇ ನುಗ್ಗಿದರು. ಆ ಒತ್ತಡಕ್ಕೆ ಚಂದವ್ವ ಹಲಸಿನ ಬೀಜದ ಹಾಗೆ ಪುಳಕ್ಕನೆ ಹೊರಗೆ ಬಂದು ಅಂಚಿನಲ್ಲಿ ನಿಂತಳು. ಗಾಬರಿಯಲ್ಲಿ ಸೌಜನ್ಯಳ ಬೆರಳು ಗುಂಡಿ ಒತ್ತಿತು.

ಎಲ್ಲರೂ ಪರದೆಗೆ ಮುತ್ತಿದರು. ನಡುವೆ ಕಾಣುತ್ತಿದ್ದದ್ದು ಮೊಣಕೈ, ಕಿವಿ, ಒಂದು ತುರುಬು. ಅಂಚಿನಲ್ಲಿ ಮಾತ್ರ ಚಂದವ್ವ ಒಬ್ಬಳೇ, ತುಂಬಿದ ಮೈಯವಳು, ಗೌಡರ ಮನೆಯ ಹಿರಿಸೊಸೆಯಂಥವಳು. ಮಬ್ಬಿನಲ್ಲಿ ಮುಖದ ಸುಕ್ಕೂ ಮಾಯ.

ಚಂದವ್ವ ಬಹಳ ಹೊತ್ತು ನೋಡಿದಳು. “ಇದು ನಾನೇನ್ರಿ?”

“ನೀವೇ ಅಮ್ಮ.”

“ಊರಾಗ ನಮ್ಮಕ್ಕ ಮರಗಮ್ಮ ಅದಾಳ. ಹ್ವಾದಾಗೊಮ್ಮೆ ನನ್ನ ರಟ್ಟಿ ಹಿಡಿದು ನೋಡಿ ಅಳ್ತಾಳ. ಮುಂಬೈಯಾಗ ಮಂದಿಗೆಲ್ಲ ಉಣ್ಣಿಸಿ ನೀ ಉಪವಾಸ ಇದ್ದೀ ಅಂತಾಳ. ನನ್ನ ಮೈಯೇ ಇಷ್ಟು ಅಂದ್ರ ನಂಬೂದಿಲ್ಲ. ಇದನ್ನ ತೋರಿಸ್ತೀನಿ. ಈ ಮನ್ಯಾಗ ನಾ ಹೆಂಗ ಉಂಡೀನಿ ಅಂತ ನೋಡ್ಲಿ.”

ಸೌಜನ್ಯಳ ಎದೆ ತುಂಬಿತು. ಆದರೆ ಗೋಡೆಗೆ ತೂಗುಹಾಕುವುದು ಮೊಣಕೈಗಳನ್ನಲ್ಲ.

“ಇನ್ನೊಂದು ತೆಗಿ,” ಎಂದರು ಹರಿಶ್ಚಂದ್ರರು. “ಸನ್ಮಾನ ಅವಳದ್ದು, ಅವಳೇ ಮೂಲೆಯಲ್ಲಾ? ನಡುವೆ ನಿಲ್ಲಿಸಿ.”

ಅಷ್ಟರಲ್ಲಿ ಗದ್ದಲ ಕೇಳಿ ಎದುರು ಫ್ಲ್ಯಾಟಿನ ಯತಿನ್ ತನ್ನ ದೊಡ್ಡ ಲೆನ್ಸನ್ನು ಮಗುವಿನ ಹಾಗೆ ಎತ್ತಿಕೊಂಡು ಬಂದ. “ಟೆನ್ಶನ್ ನಹೀ ಲೇನೇಕಾ ಕಾಕಾ, ಚಿಂತೆ ಬೇಡ. ನನ್ನದು ಅಂಚಿನ ತನಕ ಏಕ್‌ದಮ್ ಶಾರ್ಪ್.”

ಆದರೆ ಅದು ದೂರದ್ದನ್ನು ಹತ್ತಿರ ತರುವ ಲೆನ್ಸು. ಒಂದು ಹೆಜ್ಜೆ ಹಿಂದೆ ಹೋದ, ಮೂರು ಮುಖ ಕಂಡವು. ಬಾಗಿಲಿಗೆ ಹೋದ, ಐದು. ಪ್ಯಾಸೇಜು ದಾಟಿ, ತನ್ನದೇ ಮನೆ ಹೊಕ್ಕು, ಅಡುಗೆಮನೆಯ ಕುಕ್ಕರಿಗೆ ಬೆನ್ನು ತಾಗುವವರೆಗೆ ಹೋದ. ಅಲ್ಲಿಂದ ಎರಡು ಬಾಗಿಲ ಸಂದಿಯಲ್ಲಿ ಕಂಡದ್ದು ಜಯಲತಾ ಒಬ್ಬರೇ. ಇರಲಿ ಎಂದು ತೆಗೆದ. ಫೋಟೊ ಅದ್ಭುತವಾಗಿತ್ತು. ಬೈತಲೆಯ ಬಣ್ಣ ಎಲ್ಲಿ ಮುಗಿದು ಬಿಳಿ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಕೂದಲು ಕೂದಲಾಗಿ ಎಣಿಸಬಹುದಿತ್ತು.

ಜಯಲತಾ ಕ್ಯಾಮರಾವನ್ನು ಅವನ ಕೈಗೆ ಹಿಂದಕ್ಕೆ ಕೊಟ್ಟರು. “ಒಳ್ಳೇ ಲೆನ್ಸ್ ಮಗಾ. ನಮಗೆ ಅಷ್ಟು ಒಳ್ಳೇದು ಬೇಡ. ಆ ಭರಣಿಯೇ ಆಗ್ಬಹುದು.”

ಮತ್ತೆ ಗುಂಪು ನಿಂತಿತು. ನಡುವೆ ನಿಲ್ಲಿಸಿದ ಚಂದವ್ವ ಎರಡು ಹೆಜ್ಜೆ ಅಂಚಿಗೆ ಸರಿದಳು. ಅವಳನ್ನು ನಡುವೆ ಇಟ್ಟುಕೊಳ್ಳಲು ಗುಂಪೂ ಸರಿಯಿತು. ಸೌಜನ್ಯ ಕ್ಯಾಮರಾ ತಿರುಗಿಸಿದಳು. ನಡುವಿಗೆ ಬಂದದ್ದೇ ಚಂದವ್ವ ಮತ್ತೆ ಕಡ್ಡಿ. ಅವಳು ಮತ್ತೆ ಸರಿದಳು. ಠಾಣೆಯ ಕೆರೆಯ ಬಾತುಗಳ ಹಾಗೆ ಎಲ್ಲರೂ ಅವಳ ಹಿಂದೆ. ಹೀಗೇ ಸೋಫಾದಿಂದ ಕಿಟಕಿಗೆ, ಕಿಟಕಿಯಿಂದ ಫ್ರಿಜ್ಜಿಗೆ. ಫ್ರಿಜ್ಜಿನಾಚೆ ಗೋಡೆ. ಗಂಟೆ ಎರಡೂ ಐವತ್ತು. ಕೆಳಗೆ ಕಾರಿನ ಹಾರ್ನ್ ಕೇಳಿಸಿತು.

ನಳಿನಾಕ್ಷಿಯವರ ತಾಳ್ಮೆ ಮುಗಿಯಿತು. “ಬಸ್, ಸಾಕು. ಪಾಪ, ಚಂದವ್ವನ ಆಸೆ, ಅವಳು ಅಂಚಿನಲ್ಲೇ ಇರ್ಲಿ. ಉಳಿದವರು ನನ್ನ ಮಾತು ಕೇಳಿ. ದಪ್ಪ ಇದ್ದವರು ನಡುವೆ. ಸಪೂರದವರು ಎರಡೂ ಕಡೆ.”

ಬೆಳಗ್ಗೆ ಮಾಲೀಕರು ಹೇಳಿದ ಮಾತನ್ನು ಇಷ್ಟು ಸರಳವಾಗಿ ಹೇಳಲು ತನಗೆ ಬರಲಿಲ್ಲವಲ್ಲ ಎಂದು ಸೌಜನ್ಯ ಅವರನ್ನು ದೇವರ ಹಾಗೆ ನೋಡಿದಳು.

ಮೊದಲು ಅಲುಗಿದ್ದು ಜಯಲತಾ. “ನನ್ನದು ಮೈ ಸಪೂರವೇ, ಈ ಸೀರೆಯ ನೆರಿಗೆ ಮಾತ್ರ ದಪ್ಪ,” ಎನ್ನುತ್ತ ಎಡದ ಕೊನೆಗೆ ಹೋದರು. ಅವರೇ ಹೋದ ಮೇಲೆ ನಡುವೆ ಉಳಿಯುವ ಧೈರ್ಯ ಯಾರಿಗೆ? ಒಬ್ಬೊಬ್ಬರಾಗಿ ಕರಗಿದರು. ಹರಿಶ್ಚಂದ್ರರು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, “ನಾನು ಚಂದವ್ವನ ಪಕ್ಕ. ಗೌರವ ಅಂತ ಒಂದು ಉಂಟಲ್ಲ,” ಎಂದರು. ನಳಿನಾಕ್ಷಿ ಖಾಲಿ ನಡುವನ್ನು ನೋಡಿದರು, ತನ್ನನ್ನೇ ನೋಡುತ್ತಿದ್ದ ಸೊಸೆಯನ್ನು ನೋಡಿದರು, ಮೆಲ್ಲನೆ ಫ್ರಿಜ್ಜಿನ ಕಡೆ ಸರಿದರು.

ಅಂಚಿನಿಂದ ಚಂದವ್ವ ಕೂಗಿ ಹೇಳಿದಳು, “ತಂಗಿ, ನನ್ನ ಫೋಟೊ ನನಗ ಸಿಕ್ಕೇತಿ. ಅದನ್ನ ಮರೀದಂಗ ಕಳಿಸು. ನಿನ್ನ ಕೈ ತಣ್ಣಗಿರ್ಲಿ.”

ಸೌಜನ್ಯ ಕ್ಯಾಮರಾದಲ್ಲಿ ಕಣ್ಣಿಟ್ಟಳು. ಎಡಕ್ಕೊಂದು ಗುಂಪು, ಬಲಕ್ಕೊಂದು ಗುಂಪು. ನಡುವೆ ಚಂದವ್ವ ಸನ್ಮಾನದ ಹಾರ ತೆಗೆದಿಟ್ಟ ಖಾಲಿ ಕುರ್ಚಿ. ಹೊರಗಿನ ಆರ್ಡರುಗಳೆಲ್ಲ ಅದರ ಮೇಲೆ ಕೂತು ಎದ್ದುಹೋದಂತೆ ಕಂಡಿತು. ಹಾರ್ನ್ ಮೂರನೆಯ ಸಲ ಕೇಳಿಸಿತು. ಎಲ್ಲರೂ ಹೊಟ್ಟೆ ಒಳಗೆಳೆದು, ಉಸಿರು ಹಿಡಿದು, ನಗುತ್ತ ನಿಂತಿದ್ದರು.

“ದಯವಿಟ್ಟು,” ಎಂದಳು ಅವಳು, “ಯಾರಾದ್ರೂ ಒಬ್ಬರು ನಡುವೆ ನಿಲ್ಲಿ.”

ಹಿಡಿದ ಉಸಿರು ಬಿಡದೆಯೇ ಎರಡೂ ಗುಂಪು ಅಂಚಿಗೆ ಇನ್ನೊಂದು ಹೆಜ್ಜೆ ಸರಿದವು.