ಏಳು ದೊಡ್ಡಬಸಪ್ಪರೂ ಮೊದಲ ಕಾರ್ಡೂ

ಮಗಳ ಮದುವೆಯ ಕಾರ್ಡು ಹಂಚುವುದು ಅಂಥ ದೊಡ್ಡ ಕೆಲಸವೇನಲ್ಲ ಎಂದು ನಾನು ನಂಬಿದ್ದೆ. ನೆಂಟರು ಎಷ್ಟೇ ಇರಲಿ, ಊರುಗಳು ಎಷ್ಟೇ ಇರಲಿ, ಯಾರ ಮನಸ್ಸೂ ನೋಯದಂತೆ ಮುಗಿಸುತ್ತೇನೆ ಎಂದು ಮನೆಯಲ್ಲಿ ಘೋಷಿಸಿಯೂ ಇದ್ದೆ. ಈ ಧೈರ್ಯಕ್ಕೆ ಕಾರಣವಾದ ವಸ್ತು ನನ್ನ ಅಂಗಿಯ ಜೇಬಿನಲ್ಲಿತ್ತು.

ನನ್ನ ಹೆಸರು ಎರ್ರಿಸ್ವಾಮಿ. ಬಳ್ಳಾರಿಯ ಗಾಂಧಿನಗರದಲ್ಲಿ ಮನೆ. ಜೀನ್ಸ್ ಪ್ಯಾಂಟು ಹೊಲಿಯುವವರಿಗೆ ಜಿಪ್ಪು, ಗುಂಡಿ, ದಾರ ಮಾರುವುದು ಉದ್ಯೋಗ. ಐದು ವರ್ಷದ ಹಿಂದೆ ಮಗಳು ಕಾವ್ಯ ನನಗೊಂದು ದೊಡ್ಡ ಕಂಪನಿಯ ಖಾತೆ ತೆರೆದುಕೊಟ್ಟಳು. ಟಪಾಲು, ಫೋಟೋ, ನಕ್ಷೆ, ಜನರ ಹೆಸರು, ನಂಬರು ಎಲ್ಲ ಅದರೊಳಗೇ. ಎಲ್ಲವೂ ಪುಕ್ಕಟೆ. ವ್ಯಾಪಾರಿಯಾದವನಿಗೆ ಈ ಪುಕ್ಕಟೆ ಎಂಬ ಮಾತು ಕೇಳಿದಾಗಲೇ ಅನುಮಾನ ಬರಬೇಕಿತ್ತು. ನನಗೆ ಸಂತೋಷ ಬಂತು!

ಸುಳ್ಳು ಹೇಳಬಾರದು, ಆ ಕಂಪನಿಯಿಂದ ನನಗೆ ಉಪಕಾರವಾಗಿದೆ. ಬಿ.ಪಿ. ಮಾತ್ರೆಯ ಹೊತ್ತನ್ನು ಅದು ನೆನಪಿಸುತ್ತದೆ. ತೀರಿಕೊಂಡ ನನ್ನ ತಾಯಿಯ ಮುಖವನ್ನು ಆಗಾಗ ತಾನಾಗಿಯೇ ತೆರೆದು ತೋರಿಸುತ್ತದೆ, ಆ ದಿನವೆಲ್ಲ ನನ್ನ ಮನಸ್ಸು ಮೆತ್ತಗಾಗಿರುತ್ತದೆ. ಆದರೆ ಡಾಕ್ಟರು ಕರಿದದ್ದು ಬೇಡ ಎಂದ ಮೇಲೂ ನಾನು ಮಿರ್ಚಿ ಬಂಡಿಯ ಮುಂದೆ ಎಷ್ಟು ಹೊತ್ತು ನಿಂತಿದ್ದೆ ಎಂಬುದೂ ಅದಕ್ಕೆ ಗೊತ್ತು. ಹೆಂಡತಿಗೆ ಗೊತ್ತಿಲ್ಲದ್ದು ಕಂಪನಿಗೆ ಗೊತ್ತಿರುವುದು ನೆಮ್ಮದಿಯ ವಿಷಯವಲ್ಲ. ಬಿಟ್ಟುಬಿಡೋಣ ಎಂದು ತಿಂಗಳಿಗೊಮ್ಮೆ ತೀರ್ಮಾನಿಸುತ್ತೇನೆ. ಬಿಡುವುದು ಹೇಗೆ ಎಂದು ಅದನ್ನೇ ಕೇಳುತ್ತೇನೆ!

ಇನ್ನು ಮದುವೆಯ ವಿಷಯ. ನಮ್ಮಲ್ಲಿ ದೇವರ ಮುಂದೆ ಒಂದು ಕಾರ್ಡು ಇಟ್ಟ ಮೇಲೆ ಮನುಷ್ಯರಲ್ಲಿ ಮೊದಲನೆಯದು ಹುಡುಗಿಯ ಸೋದರಮಾವನಿಗೆ ಸಲ್ಲಬೇಕು. ಅದೂ ಗಂಡ ಹೆಂಡತಿ ಇಬ್ಬರೂ ಅವರ ಮನೆಗೆ ಹೋಗಿ, ಕುಂಕುಮ ಹಚ್ಚಿ, ಅಕ್ಷತೆ ಕೊಟ್ಟು ಕರೆಯಬೇಕು. ನನ್ನ ಹೆಂಡತಿ ಸುವರ್ಣಾಳ ಅಣ್ಣ ಇರುವುದು ಕುರುಗೋಡಿನಲ್ಲಿ. ಹೆಸರು ದೊಡ್ಡಬಸಪ್ಪ. ಆತ ನನ್ನೊಡನೆ ಮಾತು ಬಿಟ್ಟು ಮೂರು ವರ್ಷವಾಗಿತ್ತು. ಕಾರಣ, ನಮ್ಮ ಮನೆಯ ಗೃಹಪ್ರವೇಶಕ್ಕೆ ನಾನು ಕಾರ್ಡನ್ನು ಮೊಬೈಲಿನಲ್ಲಿ ಕಳಿಸಿದ್ದೆ.

"ಫೋನಿನಾಗ ಕರದ್ರ ಫೋನಿನಾಗ ಬರ್ತೀನಿ" ಎಂದು ಹೇಳಿಕಳಿಸಿದ್ದ. ಹಾಗೆಯೇ ಮಾಡಿದ. ಪೂಜೆಯ ಹೊತ್ತಿಗೆ ಸರಿಯಾಗಿ ಎರಡು ಜೋಡಿಸಿದ ಕೈಗಳ ಚಿತ್ರ ಬಂತು. ಮನುಷ್ಯ ಬರಲಿಲ್ಲ.

ಈಗ ಮಗಳ ಮದುವೆ. ಸೋದರಮಾವ ಕೈ ಹಿಡಿದು ಮಂಟಪಕ್ಕೆ ಕರೆತರಬೇಕು. ಆ ಜಾಗದಲ್ಲಿ ಬೇರೆ ಯಾರನ್ನಾದರೂ ನಿಲ್ಲಿಸಿದರೆ ಸುವರ್ಣಾ ಜನ್ಮವಿಡೀ ಆ ನೋವನ್ನು ಮರೆಯುವುದಿಲ್ಲ. ತಪ್ಪು ನನ್ನದೇ. ಹಾಗಾಗಿ ಸರಿಪಡಿಸುವ ಕೆಲಸವನ್ನೂ ನಾನೇ ಕೈಗೆತ್ತಿಕೊಂಡೆ, ಅದೇ ಮೊಬೈಲನ್ನು ಹಿಡಿದುಕೊಂಡು.

ಇಲ್ಲಿ ಇನ್ನೊಂದು ಸಂಗತಿ ಹೇಳಬೇಕು. ಕುರುಗೋಡಿನ ದೇವರು ದೊಡ್ಡಬಸವೇಶ್ವರ. ಆದ್ದರಿಂದ ಆ ಸುತ್ತಿನಲ್ಲಿ ಮನೆಗೊಬ್ಬ ದೊಡ್ಡಬಸಪ್ಪ ಇದ್ದೇ ಇರುತ್ತಾನೆ. ನನ್ನ ಫೋನಿನಲ್ಲಿ ಏಳು ಮಂದಿ ಇದ್ದರು. ಅವರನ್ನೆಲ್ಲ ನಂಬರಿನ ಕೊನೆಯ ಎರಡು ಅಂಕಿ ನೋಡಿ ಗುರುತಿಸುತ್ತಿದ್ದೆ. ಎರಡು ತಿಂಗಳ ಹಿಂದೆ ಒಂದು ಮಧ್ಯಾಹ್ನ ಅಂಗಡಿಯಲ್ಲಿ ಕುಳಿತಿದ್ದಾಗ ಫೋನು ತಾನಾಗಿಯೇ ಕೇಳಿತು: ಒಂದೇ ಹೆಸರು ಹಲವು ಸಲ ಇದೆ, ಒಂದುಗೂಡಿಸಲೇ? ಎದುರಿಗೆ ಗಿರಾಕಿ ನಿಂತಿದ್ದ. ಇಷ್ಟು ವಿನಯದಿಂದ ಕೇಳುತ್ತಿದೆಯಲ್ಲ ಎಂದು ಹೌದು ಒತ್ತಿ, ಅವನಿಗೆ ಗುಂಡಿ ಎಣಿಸಿಕೊಟ್ಟೆ. ಗಿರಾಕಿಯೂ ಹೋದ, ವಿಷಯವೂ ಮರೆತುಹೋಯಿತು.

ಕಾರ್ಡು ಅಚ್ಚಾಗಿ ಬಂದ ವಾರದಲ್ಲಿ ಭಾವನಿಗೆ ಮುಂಚಿತವಾಗಿ ಒಂದು ಸಂದೇಶ ಕಳಿಸೋಣ ಎಂದು ಹೆಸರು ಹುಡುಕಿದೆ. ಒಬ್ಬ ದೊಡ್ಡಬಸಪ್ಪ ಸಿಕ್ಕ. ಅವನ ಕೆಳಗೆ ಏಳು ನಂಬರು. ಭಾವ ಮೂರು ವರ್ಷದಲ್ಲಿ ಇಷ್ಟೊಂದು ಸಿಮ್ಮು ಬದಲಿಸಿದ್ದಾನೆಯೇ ಎಂದು ಬೆರಗಾದೆ. ಮೂರು ವರ್ಷ ಮಾತಿಲ್ಲದೆ ಅವನ ಕೊನೆಯ ಎರಡು ಅಂಕಿಯೂ ಮರೆತುಹೋಗಿತ್ತು, ಯಾವುದು ಚಾಲ್ತಿಯಲ್ಲಿದೆಯೋ ತಿಳಿಯದು. ಹೆಂಡತಿಯನ್ನು ಕೇಳಬಹುದಿತ್ತು, ಆದರೆ ಭಾವನ ವಿಷಯ ಎತ್ತುವ ಧೈರ್ಯವಿರಲಿಲ್ಲ. ಎಲ್ಲ ನಂಬರಿಗೂ ಟಿಕ್ ಹಾಕಿ ಬರೆದೆ: "ಪೂಜ್ಯರೇ, ನಮ್ಮ ಮನೆಯ ಶುಭಕಾರ್ಯದ ಮೊದಲ ಕಾರ್ಡು ತಮಗೇ. ನಾಳೆ ಬೆಳಿಗ್ಗೆ ದಂಪತಿ ಸಮೇತ ಬರುತ್ತೇವೆ. ಹಿಂದೆ ನನ್ನಿಂದ ಆದ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಬೇಕು."

ಉತ್ತರಗಳು ಒಂದಾದ ಮೇಲೊಂದು ಬಂದವು. "ಬರ್ರಿ ಬರ್ರಿ." "ಆಗಿದ್ದು ಆಗಿಹೋತು, ಬಿಡ್ರಿ." "ಊಟ ಇಲ್ಲೇ ಮಾಡಬೇಕು ನೋಡ್ರಿ." ಕಡೆಯದು, "ನಾ ಈಗ ಸಿರುಗುಪ್ಪದಾಗ ಅದೀನಿ, ಇಲ್ಲಿಗೇ ಬರ್ರಿ." ಜೊತೆಗೆ ನಕ್ಷೆ. ನನ್ನ ಕಣ್ಣು ತುಂಬಿ ಬಂತು. ಭಾವ ನನ್ನನ್ನು ನಾಲ್ಕು ನಂಬರಿನಿಂದ ಕ್ಷಮಿಸಿದ್ದ!

ಮರುದಿನ ಬೆಳಿಗ್ಗೆ ಹೆಂಡತಿಗೆ ಗಂಭೀರವಾಗಿ ತಿಳಿಸಿದೆ. "ನಿಮ್ಮಣ್ಣ ಸಿರುಗುಪ್ಪದಾಗ ಅದಾನ. ಅಲ್ಲಿಗೇ ಬರಾಕ ಹೇಳ್ಯಾನ."

ಸುವರ್ಣಾ ಹೂವು ಮುಡಿಯುತ್ತಿದ್ದವಳು ಕೈ ನಿಲ್ಲಿಸಿದಳು. "ಅಲ್ಲೇನ್ ಕೆಲಸ ಐತಿ ಅವ್ನಿಗೆ? ಯಾರ್ ಹೇಳಿದ್ರು?"

"ಮೊಬೈಲಿಗೆ ಬಂದೈತಿ."

ಅವಳು ನನ್ನನ್ನು ಒಂದು ಗಳಿಗೆ ನೋಡಿದಳು. "ನಡೀರಿ ಹಂಗಾರ" ಎಂದು ಕುಂಕುಮದ ಬಟ್ಟಲು ಎತ್ತಿಕೊಂಡಳು.

ನಮ್ಮ ಹಳೆಯ ಕಾರಿನಲ್ಲಿ ಹೊರಟೆವು. ನಕ್ಷೆಯ ಹೆಣ್ಣುದನಿ ಎಡಕ್ಕೆ, ಬಲಕ್ಕೆ ಎಂದು ಹೇಳುತ್ತ, ಸಿರುಗುಪ್ಪ ದಾಟಿಸಿ, ಭತ್ತದ ಗದ್ದೆಗಳ ನಡುವಿನ ಒಂದು ರೈಸ್ ಮಿಲ್ಲಿನ ಅಂಗಳಕ್ಕೆ ತಂದು, ನೀವು ತಲುಪಿದ್ದೀರಿ ಎಂದಿತು. ಅಂಗಳದಲ್ಲಿ ಚಾಪೆ ಹಾಸಿತ್ತು. ತಟ್ಟೆಯಲ್ಲಿ ತೆಂಗಿನಕಾಯಿ, ಹಣ್ಣು. ಹೊಸ ಪಂಚೆಯುಟ್ಟ ದಪ್ಪ ಮನುಷ್ಯರೊಬ್ಬರು ಕೈ ಮುಗಿದು ನಿಂತಿದ್ದರು. ಭಾವ ತೆಳ್ಳಗಿನ ಆಳು. ಮೂರು ವರ್ಷದಲ್ಲಿ ಇಷ್ಟು ಬದಲಾಗಿದ್ದಾನೆಯೇ ಎಂದು ಒಂದು ಕ್ಷಣ ಅಂದುಕೊಂಡೆ, ಸುಳ್ಳು ಹೇಳಲಾರೆ.

ಅವರೂ ದೊಡ್ಡಬಸಪ್ಪರೇ, ಮಿಲ್ಲಿನ ಗುಮಾಸ್ತರು. ಮೊದಲು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುತ್ತಿದ್ದವರು, ನನ್ನ ಹಳೆಯ ಗಿರಾಕಿ.

"ಕಡೀಗೂ ಒಪ್ಪಿಗೊಂಡ್ರಲ್ಲ ಎರ್ರಿಸ್ವಾಮಿಯವ್ರ!" ಎಂದು ನನ್ನ ಎರಡೂ ಕೈ ಹಿಡಿದರು. "ನೀವ್ ಕೊಟ್ಟ ಜಿಪ್ಪು ಮ್ಯಾಲ ಹೋದ್ರ ಕೆಳಗ ಬರ್ತಿರ್ಲಿಲ್ರಿ. ಎಷ್ಟು ಮಂದಿ ಬೈದಾರ ನನ್ನ! ಅದಿರ್ಲಿ. ಸಂಬಂಧಿಕರನ್ನ ಬಿಟ್ಟು ನನಗ ಮೊದಲ ಕಾರ್ಡ್ ಅಂದ್ರಿ ನೋಡ್ರಿ, ನಾ ಇದನ್ನ ಸಾಯೋತನ ಮರೆಯಂಗಿಲ್ಲ."

ಹಮಾಲರೆಲ್ಲ ಚೀಲ ಇಳಿಸಿ ನೋಡಲು ಬಂದಿದ್ದರು. ಗುಮಾಸ್ತರ ಹೆಂಡತಿ ಸುವರ್ಣಾಳ ಉಡಿ ತುಂಬಲು ಅಕ್ಕಿ, ಕುಬಸದ ಬಟ್ಟೆ ಹಿಡಿದು ನಿಂತಿದ್ದರು. ಇಷ್ಟಾದ ಮೇಲೆ ತಪ್ಪಿ ಬಂದೆವು ಎಂದು ಹೇಳುವ ಬಾಯಿ ಯಾರಿಗಿದೆ? ಮೊದಲ ಕಾರ್ಡನ್ನು ಎರಡೂ ಕೈಯಿಂದ ಕೊಟ್ಟೆ. ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದೆವು. ಮಿರ್ಚಿ ಚೆನ್ನಾಗಿತ್ತು. ಆದರೂ ನಾನು ಒಂದಕ್ಕೇ ಕೈ ತೊಳೆದೆ.

ಕಾರಿನಲ್ಲಿ ಸುವರ್ಣಾ ಕೈ ಚಾಚಿದಳು. "ಕೊಡ್ರಿಲ್ಲಿ ಫೋನು." ಏಳು ನಂಬರುಗಳನ್ನು ಒಂದೊಂದಾಗಿ ನೋಡಿದಳು. "ಇವ್ರು ನಮ್ಮೋಣಿಯವ್ರು. ಇವ್ರು ಕುಡತಿನಿಯವ್ರು. ಇದೊಂದು ಅಣ್ಣಂದು, ಅದೂ ಹಳೇದು, ಬಂದ್ ಆಗಿ ಎರಡು ವರ್ಷ ಆತು. ಊರಿಗೆಲ್ಲ ಮೊದಲ ಕಾರ್ಡ್ ಅಂತ ಕಳಿಸೀರಿ, ಅವ್ನೊಬ್ಬನ್ನ ಬಿಟ್ಟು."

ಮಿಲ್ಲಿನ ಗೋಡೆಯ ನೆರಳಲ್ಲಿ ಕಾರು ನಿಲ್ಲಿಸಿಕೊಂಡು, ಒಂದುಗೂಡಿಸಿದವರನ್ನು ಬಿಡಿಸುವುದು ಹೇಗೆ ಎಂದು ಕಂಪನಿಯ ಸಹಾಯದ ಪುಟ ತೆರೆದೆ. ಅದು ಇನ್ನೊಂದು ಪುಟಕ್ಕೆ ಕಳಿಸಿತು. ಆ ಪುಟ ಮೊದಲಿನ ಪುಟಕ್ಕೇ ಕಳಿಸಿತು. ಕೊನೆಗೆ, ಈ ಮಾಹಿತಿಯಿಂದ ಉಪಯೋಗವಾಯಿತೇ ಎಂದು ಕೇಳಿತು. ಇಲ್ಲ ಎಂದು ಒತ್ತಿದೆ. ಧನ್ಯವಾದ ಎಂದಿತು! ಕರೆಂಟು ಹೋದರೆ ಆಫೀಸಿಗೆ ನುಗ್ಗಿ ಕೂಗಾಡಬಹುದು. ಇಲ್ಲಿ ಜಗಳವಾಡಲು ಒಬ್ಬ ಮನುಷ್ಯನೂ ಇಲ್ಲ. ಹೌದು ಒತ್ತಿದ್ದು ನಾನೇ ಆದ್ದರಿಂದ ಕೂಗಾಡಲು ಕಾರಣವೂ ಇರಲಿಲ್ಲ.

ಕುರುಗೋಡು ತಲುಪುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಊರ ಬಾಗಿಲಿನ ಹೋಟೆಲ್ಲಿನ ಮುಂದೆ ಮೂವರು ದೊಡ್ಡಬಸಪ್ಪರು ಒಂದೇ ಬೆಂಚಿನ ಮೇಲೆ ಕುಳಿತಿದ್ದರು. ಮೂವರ ಕೈಯಲ್ಲೂ ಫೋನು, ಫೋನಿನಲ್ಲಿ ನನ್ನ ಸಂದೇಶ. ನನ್ನನ್ನು ಕೆಳಗಿಳಿಸಿಕೊಂಡರು.

ಮೊದಲನೆಯವರ ಮಗನಿಗೆ ಕಾವ್ಯಳನ್ನು ಕೇಳಿದ್ದರು. ನಾವು ಹುಡುಗಿ ಇನ್ನೂ ಓದಬೇಕು ಎಂದು ತಪ್ಪಿಸಿಕೊಂಡಿದ್ದೆವು. "ಮುಗೀತೇನ್ರಿ ಓದು?" ಎಂದರು. ಎರಡನೆಯವರು, "ನಮ್ಮ ಏಣಿ ಒಯ್ದು ಆರು ವರ್ಷ ಆತು. ತಪ್ಪಾತು ಅಂದ್ರ ಆತೇನು, ಏಣಿ ಎಲ್ಲೈತಿ?" ಎಂದರು. ಮೂರನೆಯವರು ಸಾಧು ಮನುಷ್ಯ. ನನ್ನ ಕೈ ಹಿಡಿದು ಪಕ್ಕಕ್ಕೆ ಕರೆದರು. "ನೀವು ನನಗ ಏನ್ ತಪ್ಪು ಮಾಡೀರಿ ಅಂತ ರಾತ್ರೆಲ್ಲಾ ನಿದ್ದಿ ಇಲ್ರಿ. ಏನಿದ್ರೂ ಹೇಳಿಬಿಡ್ರಿ, ತಡಕೊಂತೀನಿ."

ಏನೂ ಇಲ್ಲ ಎಂದರೆ ನಂಬಲಿಲ್ಲ. ಕಡೆಗೆ, ಹಿಂದೊಮ್ಮೆ ನಿಮ್ಮ ಧ್ವನಿ ಚೆನ್ನಾಗಿಲ್ಲ ಎಂದು ಯಾರಿಗೋ ಹೇಳಿದ್ದೆ ಎಂದು ಕಟ್ಟಿ ಹೇಳಿದೆ. ಅವರು ಭಜನೆ ಹಾಡುವವರಂತೆ! ಅಲ್ಲಿಯವರೆಗೆ ಇಲ್ಲದ ಸಿಟ್ಟು ಆಗ ಬಂತು. ಸುವರ್ಣಾ ಕಾರಿನಿಂದಿಳಿದು ಮೂವರಿಗೂ ಕಾರ್ಡು ಕೊಟ್ಟು, ಸಂಜೆ ಮನೆಗೆ ಬಂದು ಪದ್ಧತಿಯಂತೆ ಕರೆಯುತ್ತೇವೆ ಎಂದು ಸಮಾಧಾನ ಹೇಳಿ, ನನ್ನನ್ನು ಬಿಡಿಸಿಕೊಂಡು ಬಂದಳು.

ಭಾವ ಮನೆಯ ಕಟ್ಟೆಯ ಮೇಲೆಯೇ ಕುಳಿತಿದ್ದ. ಏಳಲಿಲ್ಲ. ನಾನು ಚಪ್ಪಲಿ ಬಿಟ್ಟು ಹತ್ತಿರ ಹೋಗಿ ನಿಂತೆ.

"ಊರಾಗಿನ ದೊಡ್ಡಬಸಪ್ಪರಿಗೆಲ್ಲ ಮೊದಲ ಕಾರ್ಡ್ ಬಂದೈತಂತ. ನಂದು ಎಷ್ಟನೇದು?"

ಬೆಳಿಗ್ಗೆಯಿಂದ ಸಾಕಷ್ಟು ಆಗಿತ್ತು. ಇನ್ನೊಂದು ಸುಳ್ಳು ಕಟ್ಟುವ ಶಕ್ತಿ ನನ್ನಲ್ಲಿರಲಿಲ್ಲ. "ಐದನೇದು ಭಾವ" ಎಂದೆ. "ನನ್ನ ಫೋನಿಗೆ ನೀವ್ಯಾರು ಅಂತ ಗೊತ್ತಾಗಲಿಲ್ಲ. ನನಗೂ ಗೊತ್ತಾಗಲಿಲ್ಲ. ಆವತ್ತೂ ತಪ್ಪು ನಂದೇ, ಇವತ್ತೂ ನಂದೇ. ನೀವು ಬರಲಿಲ್ಲ ಅಂದ್ರ ಕಾವ್ಯ ಮಂಟಪಕ್ಕ ಯಾರ ಕೈ ಹಿಡಕೊಂಡು ಬರಬೇಕು?" ಬಗ್ಗಿ ಕಾಲು ಮುಟ್ಟಿದೆ.

ಭಾವ ಸುವರ್ಣಾಳ ಮುಖ ನೋಡಿದ. ಸುವರ್ಣಾ ಸೆರಗನ್ನು ಬಾಯಿಗೊತ್ತಿಕೊಂಡಿದ್ದಳು. ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು.

"ಆಕಿ ನಾಕು ದಿನದ ಹಿಂದನ ಬಸ್ಸಿಗೆ ಬಂದು ಮೊದಲ ಕಾರ್ಡ್ ಕೊಟ್ಟು ಹೋಗ್ಯಾಳ" ಎಂದ ಭಾವ. "ತಂಗಿ ಕರದ ಮ್ಯಾಲ ಬರಂಗಿಲ್ಲ ಅಂತೀನೇನು? ಆ ಮನುಷ್ಯ ಒಮ್ಮೆ ನಮ್ಮ ಬಾಗಲಿಗೆ ಬರ್ಲಿ ಅಂತ ಅಷ್ಟ ಹೇಳಿದ್ದೆ."

ನಾನು ಹೆಂಡತಿಯ ಕಡೆ ತಿರುಗಿದೆ. "ಆವತ್ತು ರೂಪನಗುಡಿಗೆ ಗೆಳತಿ ಮನಿಗೆ ಹೋಗಿದ್ದೆ ಅಂದೆಲ್ಲ!"

"ಹೇಳಿದ್ರ ನೀವು ಬರ್ತಿದ್ರೇನು? ಎಲ್ಲಾ ಮುಗೀತು ಅಂತ ಮೊಬೈಲಿನಾಗ ಒಂದು ಕೈ ಮುಗದು ಬಿಡ್ತಿದ್ರಿ" ಎಂದಳು.

ಊಟವಾಯಿತು. ಹೊರಡುವಾಗ ಭಾವ ಒಳಗಿನಿಂದ ಹೊಸ ನಂಬರಿನ ಜೊತೆಗೆ ಹಿಡಿದ, ಗುಂಡಿ ಒತ್ತುವ ಸಾದಾ ಫೋನು ತಂದ. "ಮದಿವಿ ಕೆಲಸ ಇರತೈತಿ, ನಿಮ್ಮ ನಂಬರ್ ಹೇಳ್ರಿ" ಎಂದು ಒಂದೊಂದೇ ಅಂಕಿ ಒತ್ತಿಕೊಂಡ. ಮೂರು ವರ್ಷದ ಮೇಲೆ ಆ ಫೋನಿನಲ್ಲಿ ನನಗೊಂದು ಜಾಗ ಸಿಗುತ್ತಿದೆ ಎಂದು ಹಿಗ್ಗಿ ಬಗ್ಗಿ ನೋಡಿದೆ. ಹೆಸರಿನ ಜಾಗದಲ್ಲಿ "ತಂಗಿ ಗಂಡ" ಎಂದು ಬರೆದಿದ್ದ.

"ನನಗೂ ಒಂದು ಹೆಸರೈತಲ್ಲ ಭಾವ" ಎಂದೆ.

"ಎರ್ರಿಸ್ವಾಮಿಗಳು ಬಾಳ ಮಂದಿ ಅದಾರ" ಎಂದ ಭಾವ ಫೋನನ್ನು ಜೇಬಿಗಿಳಿಸುತ್ತ. "ನನಗ ತಂಗಿ ಒಬ್ಬಾಕಿ. ಆಕಿಗೆ ಗಂಡ ಒಬ್ಬನ. ಯಾರ ಜೊತಿಗೂ ಕಲಸಂಗಿಲ್ಲ ನೋಡ್ರಿ."

ಆ ದೊಡ್ಡ ಕಂಪನಿಗೆ ನನ್ನ ಬಿ.ಪಿ., ನನ್ನ ಮಿರ್ಚಿ, ನನ್ನ ತಾಯಿಯ ಮುಖ ಎಲ್ಲ ಗೊತ್ತು. ನಾನು ಯಾರೆಂದು ಎರಡೇ ಮಾತಿನಲ್ಲಿ ಸರಿಯಾಗಿ ಬರೆದಿಟ್ಟವನು ಭಾವ ಒಬ್ಬನೇ.